ಚಿಪ್ಪಿನ ಮೇಲಿನ ಹೆಬ್ಬೆರಳು

ಜನವಾಡದಲ್ಲಿ ಬಸ್ಸು ನಿಂತಾಗ ಮೊದಲು ಇಳಿದವಳು ನಾನು. ಒಂದು ಕೈಯಲ್ಲಿ ಅವ್ವನ ಚೀಲ, ಇನ್ನೊಂದರಲ್ಲಿ ಎಕ್ಸರೇ ಇದ್ದ ದೊಡ್ಡ ಲಕೋಟೆ. ಬೀದರಿನ ಆಸ್ಪತ್ರೆಯಲ್ಲಿ ತಪಾಸಣೆ ಮುಗಿಸಿ ಔರಾದಕ್ಕೆ ಮರಳುತ್ತಿದ್ದೆವು. ದಾರಿಯಲ್ಲಿ ಜನವಾಡದ ಗೆಳತಿಯ ಮನೆಗೆ ಒಂದು ಗಳಿಗೆ ಹೋಗಿ ಮುಂದಿನ ಬಸ್ಸು ಹಿಡಿಯೋಣ ಎಂದಿದ್ದು ಅವ್ವನೇ. "ಕಾಲ ಛಂದ ಕೂತದ ಅಂದಾರಲ್ಲ ಡಾಕ್ಟರು, ಮತ್ಯಾಕ ಅಂಜಬೇಕು?" ಎಂದು ನಕ್ಕಿದ್ದಳು.

ಅವ್ವ ಬಾಗಿಲಿನ ಸರಳು ಹಿಡಿದು ಎಡಗಾಲನ್ನು ಕೆಳಗೆ ಚಾಚಿದಳು. ಆಪರೇಷನ್ ಆಗಿದ್ದ ಬಲಗಾಲು ಮೇಲಿನ ಮೆಟ್ಟಿಲಿನಲ್ಲೇ ಉಳಿದು ಮಡಿಚತೊಡಗಿತು. ಬಿಳಿ ಸೀರೆ ಮೊಣಕಾಲಿನ ಮೇಲೆ ಬಿಗಿಯಾಗಿತ್ತು. ಆ ಬಟ್ಟೆಯ ಕೆಳಗೆ ಏನೋ ಒಂದು ಹೊರಮಗ್ಗುಲಿಗೆ ಜಾರಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಮರುಕ್ಷಣ ಕಾಲಿನಲ್ಲಿ ಶಕ್ತಿಯೇ ಇಲ್ಲದವಳಂತೆ ಅವ್ವ ಕುಸಿದಳು. ನನ್ನ ಮೇಲೆ ಬಿದ್ದಿದ್ದರೆ ಹಿಡಿಯುತ್ತಿದ್ದೆ. ಅವಳು ಬಿದ್ದದ್ದು ಬಸ್ಸಿನ ಮಗ್ಗುಲಿಗೆ, ಹಿಂದಿನ ಗಾಲಿಯ ಕಡೆಗೆ.

ನಾನು ಇಳಿದದ್ದನ್ನಷ್ಟೇ ನೋಡಿದ್ದ ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.

ಕಿಟಕಿಯ ಬಳಿ ಕೂತಿದ್ದ, ಟೋಪಿ ಹಾಕಿದ್ದ ಒಬ್ಬ ಹಿರಿಯರು ಬಸ್ಸಿನ ತಗಡನ್ನು ಎರಡೂ ಕೈಯಿಂದ ಬಡಿಯತೊಡಗಿದರು. "ಅರೆ ಅಮ್ಮಾ ಗಿರೀ! ರೋಕೋ, ಗಾಡಿ ರೋಕೋ!" ಬಸ್ಸು ಗಕ್ಕನೆ ನಿಂತಿತು. ಗಾಲಿ ಅವ್ವನ ಸೆರಗಿನ ಮೇಲೆ ಹತ್ತಿ ನಿಂತಿತ್ತು. ಸೆರಗು ಅವಳ ಹೆಗಲಿಗೆ ಸುತ್ತಿತ್ತು. ಹೆಗಲಿಗೂ ಗಾಲಿಗೂ ನಡುವೆ ಉಳಿದ ಬಟ್ಟೆ ತಂತಿಯಂತೆ ಬಿಗಿದಿತ್ತು.

ಡ್ರೈವರು ತಲೆ ಹೊರಗೆ ಹಾಕಿ ಕೇಳಿದ: "ಮುಂದ ತಗೊಳ್ಲೇನ್ರೀ, ಹಿಂದ ತಗೊಳ್ಲಿ?"

ಇದೊಂದು ಪ್ರಶ್ನೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ರಸ್ತೆಯಲ್ಲಿ ನಿಂತಿದ್ದವರು ಕೆಲವರು ಮುಂದೆ ಎಂದರು, ಕೆಲವರು ಹಿಂದೆ ಎಂದರು. ಡ್ರೈವರು ಗೇರಿಗೆ ಕೈ ಹಾಕಿದ ಸದ್ದು ಕೇಳಿತು. "ಯಾವ ಕಡಿಗೂ ಬ್ಯಾಡ! ಬಂದ್ ಮಾಡ್ರಿ!" ಎಂದು ಕೂಗಿದ್ದು ನಾನೇ ಎಂದು ಆಮೇಲೆ ಜನ ಹೇಳಿದರು. ನನಗೆ ನೆನಪಿರುವುದು ಇಷ್ಟೇ. ಇಂಜಿನ್ನು ಸುಮ್ಮನಾಯಿತು. ನಾನು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಹರಿದೆ. ಹರಿದ ಬಟ್ಟೆಯ ತುಂಡು ಗಾಲಿಯ ಕೆಳಗೇ ಉಳಿಯಿತು.

ಅವ್ವನಿಗೆ ಮೊಣಕೈ ತರಚಿತ್ತು, ಅಷ್ಟೇ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದಳು, ಯಾರಿಗೂ ತೋರಿಸಬಾರದ ವಸ್ತುವಿನಂತೆ. ಕಂಡಕ್ಟರು ಹೆದರಿದ ಸಿಟ್ಟಿನಲ್ಲಿ ಬೈದ: "ಏನವ್ವಾ, ಕಾಲಾಗ ತಾಕತ್ ಇಲ್ಲಂದ್ರ ಮಂದೀನ ಹಿಡಕೊಂಡು ಇಳೀಬೇಕಿಲ್ಲೇನು? ನನ್ನ ನೌಕರಿ ತಿಂತಿದ್ದಿ ಇವತ್ತ."

"ತಪ್ಪಾತಪ್ಪಾ" ಎಂದಳು ಅವ್ವ. ಅಂದಿನಿಂದ ಅವಳು ಎಲ್ಲರಿಗೂ ಇದೇ ಮಾತು ಹೇಳುತ್ತ ಹೋದಳು.

ಅವ್ವನ ಬಲ ಮೊಣಕಾಲು ಮೊದಲಿನಿಂದಲೂ ಒಳಗೆ ಬಾಗಿದ್ದು. ನಮ್ಮ ಕಡೆ ವಯಸ್ಸಾದವರ ಕಾಲುಗಳು ಬಹುತೇಕ ಬಿಲ್ಲಿನಂತೆ ಹೊರಗೆ ಬಾಗುತ್ತವೆ. ಓಣಿಯಲ್ಲಿ ಹಿಂದಿನಿಂದ ನೋಡಿದರೆ ಎರಡು ಕಾಲಿನ ನಡುವೆ ಬೆಳಕು ಕಾಣುತ್ತದೆ. ಅವ್ವನದು ಉಲ್ಟಾ. ನಡೆಯುವಾಗ ಬಲ ಮೊಣಕಾಲು ಎಡದ್ದಕ್ಕೆ ತಾಗಿ, ಪಾದ ಹೊರಗೆ ಸಿಡಿಯುತ್ತಿತ್ತು. ನೋವು ಹೆಚ್ಚಿ, ಬುದ್ಧ ವಿಹಾರದಲ್ಲಿ ವಂದನೆಗೆ ಚಾಪೆಯ ಮೇಲೆ ಕೂತವಳನ್ನು ಇಬ್ಬರು ಹಿಡಿದೆತ್ತುವ ಹಾಗಾದಾಗ ಮೊಣಕಾಲು ಬದಲಿಸುವ ಮಾತು ಬಂತು. ಅವಳು ಒಪ್ಪಲಿಲ್ಲ. ನಾನು ಬೀದರಿನಲ್ಲಿ ನೌಕರಿ ಮಾಡುವವಳು, ಬಿ.ಎಸ್ಸಿ. ಓದಿದವಳು, ನನ್ನ ಮಾತಿಗೆ ಬೆಲೆ ಸಿಗಲಿಲ್ಲ. ಬೆಲೆ ಸಿಕ್ಕಿದ್ದು ತಮ್ಮನ ಮಾತಿಗೆ.

ತಮ್ಮ ಎಂದರೆ ಒಡಹುಟ್ಟಿದವನಲ್ಲ, ಚಿಕ್ಕವ್ವನ ಮಗ. ಚಿಂತಾಕಿಯಿಂದ ಶಾಲೆಗೆಂದು ಔರಾದಕ್ಕೆ ಬಂದವನು ನಮ್ಮ ಮನೆಯಲ್ಲೇ ಬೆಳೆದ. ಒಲೆಯಿಂದ ಇಳಿದ ಮೊದಲ ರೊಟ್ಟಿ ಅವನ ತಾಟಿಗೇ ಬೀಳುತ್ತಿತ್ತು. ನಾನು ಮೂಗು ಮುರಿದರೆ ಅವ್ವ ಹೇಳುತ್ತಿದ್ದಳು, "ನೀ ಹೆಂಗೂ ಇಲ್ಲೇ ಇರ್ತಿ, ಅದು ತಾಯಿ ಬಿಟ್ಟು ಬಂದ ಕೂಸು." ಈಗ ಅವನು ಮದುವೆಯಾಗಿ ಭಾಲ್ಕಿಯಲ್ಲಿದ್ದಾನೆ. ಕೃತಕ ಕೀಲು ಮಾರುವ ಡೀಲರೊಬ್ಬರ ಬಳಿ ಕೆಲಸ. ಮೊಣಕಾಲಿನ ಆಪರೇಷನ್ ಎಲ್ಲಿದ್ದರೂ ಕೀಲಿನ ಡಬ್ಬಿ, ಅಳತೆಯ ಸಾಮಾನು, ಮೂಳೆ ಕತ್ತರಿಸಲು ಬ್ಲೇಡಿಗೆ ದಾರಿ ತೋರುವ ಲೋಹದ ಅಚ್ಚುಗಳನ್ನು ಒಯ್ದು, ಒಳಗೆ ನಿಂತು, ಯಾವುದರ ನಂತರ ಯಾವುದು ಎಂದು ಕೊಡುವವನು ಅವನೇ.

"ನಾ ಒಳಗೇ ಇರ್ತೇನಿ ದೊಡ್ಡವ್ವ, ನಿನ್ನ ಹಂತೇಲೇ ನಿಂದಿರ್ತೇನಿ" ಎಂದಿದ್ದ.

"ಖರೆ?"

"ನಿನ್ನ ಕಾಲಿಗಿ ಬೇರೆಯವರು ಕೈ ಹಚ್ಚೂಮುಂದ ನಾ ನೋಡ್ಲಿಲ್ಲಂದ್ರ ಹ್ಯಾಂಗ?"

ಆ ಒಂದು ಮಾತಿಗೆ ಅವ್ವ ಒಪ್ಪಿದ್ದಳು.

ಬೀದರಿನಲ್ಲಿ ಆಪರೇಷನ್ ಆಯಿತು. ಹೊದಿಕೆ ಸರಿಸಿದಾಗ ಕಾಲು ನೆಟ್ಟಗಿತ್ತು. ನನಗೂ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಅವ್ವನ ಆ ಕಾಲನ್ನು ನೆಟ್ಟಗೆ ನೋಡಿದವಳಲ್ಲ. ಔರಾದದ ಮನೆಗೆ ಹೆಂಗಸರು ಗುಂಪಾಗಿ ಬಂದರು. ಅವ್ವ ಹಾಸಿಗೆಯ ಮೇಲೆ ಕಾಲು ಚಾಚಿ, ಸೀರೆ ಮೊಣಕಾಲಿನವರೆಗೆ ಎತ್ತಿ ತೋರಿಸುತ್ತಿದ್ದಳು. "ಸ್ಕೇಲ್ ಇಟ್ಟಾಂಗ ಆಗ್ಯದಲ್ಲೇ!" ಎಂದಳು ಒಬ್ಬಾಕೆ. "ಇನ್ನ ನಿನಗ ಲಗ್ನದ ಸೀರಿ ಉಡಸಬೇಕು" ಎಂದಳು ಮತ್ತೊಬ್ಬಳು. ತಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವ್ವ ಅವನನ್ನು ತೋರಿಸಿ, "ಎಲ್ಲಾ ಅವಂದೇ ಪುಣ್ಯ" ಎಂದಳು. ನಾವೆಲ್ಲ ನೋಡಿದ್ದು ಚಾಚಿದ ಕಾಲನ್ನು. ಎಕ್ಸರೇ ತೆಗೆದದ್ದೂ ಚಾಚಿದ ಕಾಲನ್ನೇ. ಮಡಿಚಿದ ಕಾಲನ್ನು ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಜನವಾಡದಲ್ಲಿ ಅವ್ವ ಬಿದ್ದ ಮಾರನೆಯ ದಿನ ತಮ್ಮ ಔರಾದಕ್ಕೆ ಬಂದ. ಚಪ್ಪಲಿ ಬಿಡುತ್ತಲೇ ಕೇಳಿದ, "ಯಾವ ಕಾಲ ಮೊದಲ ಇಳಿಸಿದಿ?"

ಅವ್ವ ಎಡಗಾಲು ತೋರಿಸಿದಳು.

"ನೋಡು ಮತ್ತ! ಏರೂಮುಂದ ಛಲೋ ಕಾಲ, ಇಳಿಯೂಮುಂದ ಆಪರೇಷನ್ ಕಾಲ. ಎಷ್ಟು ಸಲ ಹೇಳಿಕೊಟ್ಟೇನಿ? ಕಸರತ್ತೂ ಬರೋಬರಿ ಮಾಡಿಲ್ಲ ನೀ. ನರ ಸಡ್ಲ ಆಗ್ಯಾವ. ನೆಲದ ಮ್ಯಾಲ ಕೂತಿದ್ದೇನು?"

"ಹುಣ್ಣಿವಿ ದಿವಸ ವಿಹಾರದಾಗ ತುಸು ಕೂತಿದ್ದಪ್ಪಾ" ಎಂದಳು ಅವ್ವ, ಕಳ್ಳತನ ಒಪ್ಪಿಕೊಂಡವರಂತೆ.

"ಆತಲ್ಲ!" ಎಂದ ಅವನು. ಆ "ಆತಲ್ಲ"ದಲ್ಲಿ ಒಂದು ಸಮಾಧಾನವಿತ್ತು. ಅದು ಏನೆಂದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ಅವನು ಹೋದ ಮೇಲೆ ಅವ್ವ ವಿಹಾರಕ್ಕೆ ಹೋಗುವುದನ್ನು ಬಿಟ್ಟಳು. ಓಣಿಯ ಹೆಂಗಸರೂ ಅದನ್ನೇ ಹಿಡಿದರು: "ಅಷ್ಟು ದೊಡ್ಡ ಆಪರೇಷನ್ ಮಾಡಿಸಿಕೊಂಡು ನೆಲದ ಮ್ಯಾಲ ಕೂಡ್ತಾರೇನು?" ಅವ್ವ ಎರಡು ಹೊತ್ತೂ ಕಸರತ್ತು ಮಾಡುತ್ತಿದ್ದಳು. ಕಾಲು ಮಡಿಚಿದಾಗಲೆಲ್ಲ ಒಳಗಿನಿಂದ ಕಟಕ್ ಎಂಬ ಸದ್ದು. ಪಾಯಖಾನೆಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದಳು. ಮೊಣಕಾಲಿನ ಚಿಪ್ಪಿಗೆ ನಮ್ಮ ಗಡಿಯ ಕಡೆ ವಾಟಿ ಎನ್ನುತ್ತಾರೆ. ಕುರ್ಚಿಯಲ್ಲಿ ಕೂರುವಾಗ ಅವಳ ಹೆಬ್ಬೆರಳು ತಾನಾಗಿ ಆ ವಾಟಿಯ ಹೊರ ಅಂಚಿಗೆ ಹೋಗಿ ಅದನ್ನು ಒಳಗೆ ಒತ್ತಿಕೊಂಡಿರುತ್ತಿತ್ತು.

ನಾನು ಅವಳನ್ನು ಭಾಲ್ಕಿಗೆ ಕರೆದೊಯ್ದೆ. ಅಲ್ಲಿಗೆ ವಾರಕ್ಕೊಮ್ಮೆ ಹೈದರಾಬಾದಿನಿಂದ ಒಬ್ಬ ಮೂಳೆ ವೈದ್ಯೆ ಬರುತ್ತಿದ್ದರು. ಮೂಲತಃ ಭಾಲ್ಕಿಯವರೇ, ನಮ್ಮಂತೆಯೇ ಮಾತನಾಡುವವರು. ಅವರು ಲಕೋಟೆಯನ್ನು ಪಕ್ಕಕ್ಕಿಟ್ಟು, ಅವ್ವನನ್ನು ಮಂಚದ ಅಂಚಿಗೆ ಕೂರಿಸಿ ಹೇಳಿದರು, "ಮಡಚ್ರಿ ಅವ್ವಾರ. ವಾಟಿಗಿ ಕೈ ಹಚ್ಚಬ್ಯಾಡ್ರಿ."

ಕಾಲು ಅರ್ಧ ಮಡಿಚುವಷ್ಟರಲ್ಲಿ ಚಿಪ್ಪು ಹೊರಕ್ಕೆ ಜಾರಿತು. ಬಸ್ಸಿನ ಮೆಟ್ಟಿಲಿನಲ್ಲಿ ಸೀರೆಯ ಕೆಳಗೆ ಕಂಡದ್ದು ಈಗ ಚರ್ಮದ ಕೆಳಗೆ ಕಂಡಿತು. ನನ್ನ ಕಿವಿಯಲ್ಲಿ ಕಂಡಕ್ಟರು ಸೀಟಿ ಊದಿದ ಸದ್ದು.

ವೈದ್ಯೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಮತ್ತೆ ಬರಹೇಳಿದರು. ಮುಂದಿನ ವಾರ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬಾವಿ ಗಡಗಡಿ ನೋಡೀರಿಲ್ಲ?" ಎಂದು ಅವ್ವನನ್ನೇ ಕೇಳಿದರು. "ಹಗ್ಗ ಗಡಗಡಿ ತೋಡಿನಾಗ ಕೂತು ಓಡಬೇಕು. ಗಡಗಡಿ ತುಸು ಸೊಟ್ಟ ತಿರುಗಿಸಿ ಕಟ್ಟಿದ್ರ ಏನಾಗ್ತದ?"

"ಹಗ್ಗ ಅಂಚಿಗಿ ಏರ್ತದ. ಕೊಡ ಮ್ಯಾಲ ಬರೂದ್ರಾಗ ಕಳಚಿ ಬೀಳ್ತದ."

"ಹಂಗೇ ಆಗ್ಯದ ನೋಡ್ರಿ."

ಆಮೇಲೆ ನನಗಾಗಿ ವಿವರಿಸಿದರು. ತೊಡೆಮೂಳೆಯ ಕೆಳತುದಿಗೆ ಲೋಹದ ಟೋಪಿಯೊಂದನ್ನು ಕೂರಿಸುತ್ತಾರೆ. ಅದರ ಮುಂಭಾಗದಲ್ಲಿ ಒಂದು ತೋಡು ಇರುತ್ತದೆ. ಚಿಪ್ಪು ಓಡಾಡುವುದು ಅದರಲ್ಲಿ. ಟೋಪಿ ಎಷ್ಟು ಮೇಲೆ ಕೆಳಗೆ ಎಂಬುದು ಮಾತ್ರವಲ್ಲ, ಯಾವ ಕಡೆಗೆ ಮುಖ ಮಾಡಿದೆ ಎಂಬುದೂ ಮುಖ್ಯ. ತುಸು ಹೊರಗೆ ತಿರುಗಿರಬೇಕಾದದ್ದು ಅವ್ವನ ಕಾಲಿನಲ್ಲಿ ಒಳಗೆ ತಿರುಗಿತ್ತು. ತೊಡೆಯ ಸ್ನಾಯು ಚಿಪ್ಪನ್ನು ಹೊರಗೆ ಎಳೆಯುತ್ತದೆ, ತೋಡು ಒಳಗೆ ನೋಡುತ್ತದೆ. ಚಾಚಿದ ಕಾಲಿನಲ್ಲಿ ಇದು ಕಾಣುವುದಿಲ್ಲ. ಮಡಿಚಿದಾಗಲೇ ಕೀಲಿನ ಒಳಗಿನ ಲೆಕ್ಕವೆಲ್ಲ ತಪ್ಪುತ್ತದೆ.

"ಕಸರತ್ತಿಲೆ ಸರಿ ಹೋಗಂಗಿಲ್ಲೇನ್ರೀ?" ಎಂದೆ.

"ಲೋಹ ಕಸರತ್ತು ಮಾಡಲ್ರೀ. ಬಿಚ್ಚಿ ತಿರುಗಿಸಿ ಕೂಡಸಬೇಕು. ತಡ ಮಾಡಿದ್ರ ಒಳಗಿನ ಪ್ಲಾಸ್ಟಿಕ್ ಸವೀತದ. ಮುಂದಿನ ಸಲ ಬಿದ್ರ ಮೂಳಿ ಮುರೀತದ."

"ನೆಲದ ಮ್ಯಾಲ ಕೂತಿದ್ದಕ್ಕ ಹಿಂಗಾತೇನ್ರಿ?" ಎಂದು ಅವ್ವ ಕೇಳಿದಳು.

"ಕೂತಿದ್ದಕ್ಕ ಅದು ತಿರಗಲ್ಲ ಅವ್ವಾರ. ಹಚ್ಚಿದಾಗೇ ಹಂಗ ಹಚ್ಯಾರ." ಸ್ಕ್ಯಾನನ್ನು ಲಕೋಟೆಗೆ ಹಾಕುತ್ತ ಮುಂದುವರಿಸಿದರು: "ಅವತ್ತ ಒಳಗ ಏನಾತೋ ನನಗ ಗೊತ್ತಿಲ್ಲ. ಆದ್ರ ಹೊಲಿಯೂಕಿಂತ ಮುಂಚೆ ನಾವೆಲ್ಲಾ ಒಂದ್ ಪರೀಕ್ಷಾ ಮಾಡ್ತೇವಿ. ಕಾಲ ಮಡಚಿ ನೋಡೂದು, ವಾಟಿಗಿ ಹೆಬ್ಬೆಟ್ಟು ಹಚ್ಚದೇ. ತಾನಾಗೇ ತೋಡಿನಾಗ ನಿಂತ್ರ ಛಲೋ. ಹೆಬ್ಬೆಟ್ಟು ಹಚ್ಚಿ ಹಿಡೀಬೇಕಾದ್ರ, ಏನೋ ಹೆಚ್ಚುಕಡಿಮಿ ಆಗ್ಯದಂತ ಅಲ್ಲೇ ಗೊತ್ತಾಗ್ತದ."

ಹೊರಗೆ ಬಂದ ಅವ್ವ ಒಂದೇ ಮಾತು ಹೇಳಿದಳು. "ನಾ ಕಾಲ ಬಿಚ್ಚಸಂಗಿಲ್ಲ."

"ಅವ್ವಾ, ಬಿದ್ರ ಮುರೀತದಂತ ಹೇಳ್ಲತ್ತಾರ—"

"ಈ ಡಾಕ್ಟರವ್ವಾರು ಒಳಗಿದ್ದರೇನು? ಅವ ಒಳಗಿದ್ದ. ಹೆಚ್ಚುಕಡಿಮಿ ಆಗಿದ್ರ ನನಗ ಹೇಳ್ತಿದ್ದಿಲ್ಲೇನು ಅವ? ನೀ ನೋಡೀದಿ ಏನು ಒಳಗ? ತಪ್ಪು ನಂದೇ ಅದ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸ್ಕ್ಯಾನನ್ನು ನಂಬಲಿಲ್ಲ, ವೈದ್ಯೆಯನ್ನು ನಂಬಲಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ. ಅವಳ ಕಾಲು ಉಳಿಯಬೇಕಾದರೆ ತಮ್ಮನೇ ಬಾಯಿ ಬಿಡಬೇಕಿತ್ತು.

ಅವ್ವನನ್ನು ಔರಾದಕ್ಕೆ ಮುಟ್ಟಿಸಿ, ಮತ್ತೊಂದು ದಿನ ನಾನೊಬ್ಬಳೇ ಭಾಲ್ಕಿಯ ಅವನ ಮನೆಗೆ ಹೋದೆ. ಅವನ ಹೆಂಡತಿ ಚಹಾ ಇಟ್ಟು ಒಳಗೆ ಹೋದಳು. ಮಂಚದ ಕೆಳಗೆ ಅವನ ಉಕ್ಕಿನ ಡಬ್ಬಿಗಳು. ಸ್ಕ್ಯಾನನ್ನು ಅವನ ತೊಡೆಯ ಮೇಲಿಟ್ಟೆ. ಅವನು ಅದನ್ನು ತೆರೆಯಲಿಲ್ಲ. ತೆರೆಯದೇ ಇದ್ದದ್ದೇ ನನಗೆ ಎಲ್ಲವನ್ನೂ ಹೇಳಿತು.

"ಹೆಬ್ಬೆಟ್ಟು ಹಚ್ಚಿದ್ರಾ?" ಎಂದು ಕೇಳಿದೆ.

"ಹಚ್ಚಿದ್ರು" ಎಂದ.

"ನೀ ನೋಡ್ದಿ."

"ಎದುರಿಗೇ ನಿಂತಿದ್ದೆ ಅಕ್ಕಾ."

ಅವನು ನಿಧಾನಕ್ಕೆ ಹೇಳಿದ. ಟೋಪಿಯ ಮುಖ ಯಾವ ಕಡೆ ಎಂದು ನಿರ್ಧರಿಸುವ ಒಂದು ಅಚ್ಚು ಇದೆ. ಅದು ತೊಡೆಮೂಳೆಯ ತುದಿಯ ಎರಡು ಗುಂಡುಗಳಿಗೆ ಹಿಂದಿನಿಂದ ಆತುಕೊಂಡು ನಿಲ್ಲುತ್ತದೆ. ಅಲ್ಲಿಂದ ಮೂರು ಡಿಗ್ರಿ ಹೊರಗೆ ತಿರುಗಿಸಿ ಕತ್ತರಿಸುತ್ತಾರೆ. ಇಲ್ಲಿ ಬರುವವರೆಲ್ಲ ಬಿಲ್ಲುಗಾಲಿನವರು, ಅವರಿಗೆ ಅದು ಸರಿಹೋಗುತ್ತದೆ. ಡಬ್ಬಿಯಿಂದ ತೆಗೆಯುವಾಗಲೇ ಅಚ್ಚು ಮೂರಕ್ಕೆ ಇರುತ್ತದೆ, ಯಾರೂ ಕೇಳುವುದೇ ಇಲ್ಲ. ಅವ್ವನಂಥ ಒಳಬಾಗಿದ ಕಾಲಿನಲ್ಲಿ ಹೊರಗಿನ ಗುಂಡು ಹಿಂದೆ ಸಣ್ಣದಾಗಿರುತ್ತದೆ. ಅಚ್ಚು ಅಲ್ಲಿ ಆತುಕೊಂಡರೆ ತಾನೇ ಒಳಗೆ ವಾಲುತ್ತದೆ. ಮೂರು ಸಾಲುವುದಿಲ್ಲ. ಬೇರೆ ಗುರುತು ನೋಡಿ ಹೆಚ್ಚು ತಿರುಗಿಸಬೇಕು.

"ಇದು ನಿನಗ ಮೊದಲೇ ಗೊತ್ತಿತ್ತಾ?"

"ಕಂಪನಿ ತರಬೇತ್ಯಾಗ ಹೇಳಿದ್ರು. ಅವತ್ತ ನೆನಪಾಗಲಿಲ್ಲ ಅಕ್ಕಾ. ದಿನಾ ಕೊಟ್ಟಂಗೇ ಕೊಟ್ಟೆ. ಡಾಕ್ಟರ್ ಸಾಹೇಬರು ದಿನಾ ತಗೊಂಡಂಗೇ ತಗೊಂಡ್ರು. ವಾಟಿ ಜಾರಿದಾಗ ನೆನಪಾತು."

"ಆಗ ಹೇಳ್ಬೇಕಿತ್ತು."

"ಸಾಹೇಬರು ಹೆಬ್ಬೆಟ್ಟಿಲೆ ಒತ್ತಿ ಹಿಡಿದು, 'ನಿಂದಿರ್ತದ, ಹೊಲಿಯೋಣ' ಅಂದ್ರು. ನನ್ನ ಕಡಿ ನೋಡಿದ್ರು. ನಾ ಸುಮ್ನಾದೆ. ಅವರ ಮುಂದ ನಾ ಬಾಯಿ ಬಿಟ್ರ ಮುಂದಿನ ಸಲ ಬೇರೆ ಕಂಪನಿ ಡಬ್ಬಿ ಒಳಗ ಹೋಗ್ತದ. ನನ್ನ ಸಂಸಾರ..."

"ಅಕಿ ಗಾಲಿ ಬುಡಕ ಬಿದ್ದಿದ್ಳು" ಎಂದೆ. "ಮರುದಿನ ಬಂದು ಯಾವ ಕಾಲ ಮೊದಲ ಇಳಿಸಿದಿ ಅಂತ ಕೇಳ್ದಿ. ನೆಲದ ಮ್ಯಾಲ ಕೂತಿ ಅಂದಿ. ಅದೂ ಸಾಹೇಬರೇ ಹೇಳಿಸಿದ್ರೇನು?"

ಅವನು ಅಳಲಾರಂಭಿಸಿದ. ನನಗೆ ಕನಿಕರ ಬರಲಿಲ್ಲ. ಮರೆತದ್ದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ದಿನವೂ ಮಾಡುವ ಕೆಲಸದಲ್ಲಿ ಕೈ ತಲೆಗಿಂತ ಮುಂದೆ ಓಡುತ್ತದೆ. ಆ ಕ್ಷಣದ ಅಂಜಿಕೆಯನ್ನೂ ಒಂದಿಷ್ಟು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಗಾಲಿಯ ಕೆಳಗಿನಿಂದ ಎದ್ದು ಬಂದವಳ ತಲೆಯ ಮೇಲೆ ತನ್ನ ತಪ್ಪನ್ನು ಹೊರಿಸಿ, ಅವಳು ವಿಹಾರದಲ್ಲಿ ಕೂತದ್ದನ್ನು ಕೇಳಿ ಒಳಗೊಳಗೇ ಹಗುರಾದನಲ್ಲ, ಅದನ್ನು ಯಾವ ಮೂಲೆಯಲ್ಲಿಡಲಿ?

"ಐತವಾರ ಔರಾದಕ್ಕ ಬಾ" ಎಂದೆ. "ಸಾಹೇಬರ ಮುಂದ ಹೇಳಬ್ಯಾಡ. ಅಕಿ ಮುಂದ ಹೇಳು. ಹೇಳದಿದ್ರ ಅಕಿ ಕಾಲ ಬಿಚ್ಚಸಂಗಿಲ್ಲ. ಮುಂದ ಬಿದ್ದಾಗ ನಾ ಹಿಡೀಲಾಕ ಇರಂಗಿಲ್ಲ."

ಬರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಬಂದ. ಅವ್ವ ಎಂದಿನಂತೆ, "ಬಂದೇನಪ್ಪಾ, ಕೈಕಾಲ ತೊಳಕೋ, ರೊಟ್ಟಿ ಬಿಸಿ ಅವ" ಎಂದಳು. ಅವನು ಕೈಕಾಲು ತೊಳೆಯಲಿಲ್ಲ. ನಿಂತಲ್ಲಿಯೇ, "ದೊಡ್ಡವ್ವ, ಕಾಲಾಗಿನ ಮಷೀನ ಸೊಟ್ಟ ಕೂತದ. ನಿಂದೇನೂ ತಪ್ಪಿಲ್ಲ" ಎಂದ.

"ಯಾವಾಗ ಗೊತ್ತಾತು ನಿನಗ?"

ಅವನು ನೆಲ ನೋಡಿದ.

"ಕೇಳ್ಲತ್ತೀನಲ್ಲ. ಯಾವಾಗ?"

"ಅವತ್ತೇ. ಒಳಗೇ."

ಅವ್ವ ಮಂಚದ ಅಂಚಿಗೆ ಸರಿದು ಕೂತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. "ಹಂಗಾದ್ರ ಹೆಬ್ಬೆಟ್ಟು ಹಚ್ಚಿ ಹಿಡದಿರಬೇಕಲ್ಲ. ಎಲ್ಲಿ ಹಚ್ಚಿದ್ರು? ಹಚ್ಚಿ ತೋರಿಸು."

"ದೊಡ್ಡವ್ವ, ಬ್ಯಾಡ..."

"ಹಚ್ಚು."

ಅವನು ಮೊಣಕಾಲೂರಿ ಕೂತು ಚಿಪ್ಪಿನ ಹೊರ ಅಂಚಿಗೆ ಹೆಬ್ಬೆರಳಿಟ್ಟ. ಅದೇ ಜಾಗ. ಇಷ್ಟು ದಿನ ಅವ್ವನ ಹೆಬ್ಬೆರಳು ತಾನಾಗಿ ಹುಡುಕಿಕೊಂಡಿದ್ದ ಜಾಗ. ಅವ್ವ ನಿಧಾನಕ್ಕೆ ಕಾಲು ಮಡಿಚಿದಳು. ಚಿಪ್ಪು ನಿಂತಿತು. ಅದು ಹೊರಗೆ ತಳ್ಳುತ್ತಿದ್ದದ್ದು ಅವನ ಬೆರಳಿನ ಉಗುರು ಬಿಳುಪೇರಿದ್ದರಲ್ಲಿ ಕಾಣುತ್ತಿತ್ತು.

"ಈಗ ಬಿಡು."

ಅವನು ಬಿಡಲಿಲ್ಲ.

"ಬಿಡೋ. ಅವತ್ತ ಬಿಟ್ಟಿಯಲ್ಲ."

ಬಿಟ್ಟ. ಕಟಕ್ ಎಂದಿತು. ಅವ್ವನ ಮುಖ ನೋವಿನಿಂದ ಮುದುಡಿತು. ಆದರೂ ಕಾಲನ್ನು ಚಾಚಲಿಲ್ಲ. ಅವನು ಪೂರ್ತಿ ನೋಡಲಿ ಎಂದು ಹಾಗೆಯೇ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಡಾಕ್ಟರವ್ವಾರಿಗಿ ಫೋನ್ ಹಚ್ಚು. ಬಿಚ್ಚಸ್ತೇನಿ ಅಂತ ಹೇಳು" ಎಂದಳು. ತಮ್ಮ ಏಳುತ್ತ, "ನಾನೂ ಬರ್ತೇನಿ ದೊಡ್ಡವ್ವ, ಅಲ್ಲಿ ನನಗ ಗುರ್ತಿನವರಿದ್ದಾರ, ಒಳಗ..." ಎನ್ನುತ್ತಿದ್ದ.

"ಒಳಗ ಬ್ಯಾಡ" ಎಂದಳು ಅವ್ವ.

ಹೈದರಾಬಾದಿನಲ್ಲಿ ಕೀಲನ್ನು ಬಿಚ್ಚಿ, ತಿರುಗಿಸಿ ಕೂರಿಸಿದರು. ಈ ಸಲ ವೈದ್ಯೆ ಕಾಲು ಮಡಿಚಿ ತೋರಿಸಿದ ಮೇಲೆಯೇ ನಮ್ಮನ್ನು ಕಳುಹಿಸಿದರು. ಅವ್ವ ಈಗ ಯಾರ ಹಂಗಿಲ್ಲದೆ ಬಸ್ಸು ಇಳಿಯುತ್ತಾಳೆ. ವಿಹಾರದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಾನೇ ಇನ್ನೂ ಸರಿಹೋಗಿಲ್ಲ. ಬೀದರಿನಿಂದ ಔರಾದಕ್ಕೆ ಹೋಗುವಾಗ ಜನವಾಡ ಹತ್ತಿರವಾದಂತೆ ಮುಂದಿನ ಸೀಟಿನ ಸರಳನ್ನು ಹಿಡಿದುಕೊಳ್ಳುತ್ತೇನೆ. ಮುಂದ ತಗೊಳ್ಲೇನು, ಹಿಂದ ತಗೊಳ್ಲಿ? ಇಂಜಿನ್ನು ಒಂದು ಕ್ಷಣ ತಡವಾಗಿ ನಿಂತಿದ್ದರೆ? ಯಾರೂ ತಗಡು ಬಡಿಯದಿದ್ದರೆ? ಆ ಲೆಕ್ಕ ಮುಗಿಯುವಷ್ಟರಲ್ಲಿ ಊರು ಹಿಂದೆ ಉಳಿದಿರುತ್ತದೆ.

ಮೊನ್ನೆ ಹಬ್ಬಕ್ಕೆ ತಮ್ಮ ಬಂದಿದ್ದ. ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಸೀರೆ ತುಸು ಮೇಲೆತ್ತಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಓಣಿಯ ಹೆಂಗಸರಿಬ್ಬರು ಎದುರು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಅವರ ಮುಂದೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಅವನನ್ನು ಕಂಡದ್ದೇ "ಬಾರಪ್ಪಾ, ಉಂಡು ಹೋಗು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಹ್ಯಾಂಗದ ದೊಡ್ಡವ್ವ ಕಾಲ?" ಎಂದು ಅವನು ಬಗ್ಗಿದ.

ಅವ್ವ ಎಣ್ಣೆಗೈಯಲ್ಲೇ ಸೀರೆಯನ್ನು ಪಾದದವರೆಗೆ ಎಳೆದುಕೊಂಡಳು, ಪರ ಗಂಡಸೊಬ್ಬ ಎದುರಿಗೆ ಬಂದು ನಿಂತಾಗ ಎಳೆದುಕೊಳ್ಳುವ ಹಾಗೆ.